ಬೀಟಾ ಬ್ಲಾಕರ್‌ಗಳಿಂದ ದಣಿವು ಮತ್ತು ವ್ಯಾಯಾಮದ ಮೇಲಾಗುವ ಪರಿಣಾಮಗಳು

ಬೀಟಾ ಬ್ಲಾಕರ್‌ಗಳು ಅಧಿಕ ರಕ್ತದೊತ್ತಡ, ಆಂಜೈನಾ ಎಂಬ ಎದೆನೋವು, ಹೃದಯ ಬಡಿತದ ಏರುಪೇರು, ಹೃದಯ ವೈಫಲ್ಯ ಮೊದಲಾದವುಗಳ ಚಿಕಿತ್ಸೆಯಲ್ಲಿಯೂ ಮೈಗ್ರೇನ್ ತಲೆನೋವನ್ನು ತಡೆಯಲೂ ಬಳಸಲಾಗುವ ಔಷಧಗಳ ಒಂದು ವರ್ಗ. ದಣಿವು, ಕಾಲುಗಳು ಭಾರವೆನಿಸುವುದು ಮತ್ತು ವ್ಯಾಯಾಮ ಸಾಮರ್ಥ್ಯ ತಗ್ಗುವುದು ಇವುಗಳ ಪರಿಚಿತ ಅಡ್ಡಪರಿಣಾಮಗಳು. ಇವು ಬಹುಮಟ್ಟಿಗೆ ಔಷಧವು ಕೆಲಸ ಮಾಡುವ ರೀತಿಯಿಂದಲೇ ಉಂಟಾಗುತ್ತವೆ; ಕಾಯಿಲೆ ಉಲ್ಬಣಿಸಿದೆ ಎಂಬುದರ ಸೂಚನೆಯೇ ಆಗಿರಬೇಕೆಂದಿಲ್ಲ.

ಹಿನ್ನೆಲೆ

ಸ್ಕಾಟ್ಲೆಂಡಿನ ಔಷಧವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಔಷಧವನ್ನು ಅಭಿವೃದ್ಧಿಪಡಿಸಿದರು. ಹೃದಯಕ್ಕೆ ಆಮ್ಲಜನಕದ ಪೂರೈಕೆಯನ್ನು ಹೆಚ್ಚಿಸುವ ಬದಲು, ಹೃದಯಕ್ಕಿರುವ ಆಮ್ಲಜನಕದ ಅಗತ್ಯವನ್ನೇ ತಗ್ಗಿಸಬೇಕೆಂಬುದು ಅವರ ಆಲೋಚನೆಯಾಗಿತ್ತು. 1988ರಲ್ಲಿ ಅವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕಾರ್ಯವಿಧಾನ

ಶ್ರಮ ಅಥವಾ ಆತಂಕದ ವೇಳೆ ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್ ರಾಸಾಯನಿಕಗಳು ಬೀಟಾ ಗ್ರಾಹಕಗಳಿಗೆ ಅಂಟಿಕೊಂಡು ಹೃದಯದ ಬಡಿತವನ್ನೂ ಸಂಕೋಚನದ ಬಲವನ್ನೂ ಹೆಚ್ಚಿಸುತ್ತವೆ. ಬೀಟಾ ಬ್ಲಾಕರ್‌ಗಳು ಈ ಗ್ರಾಹಕಗಳನ್ನು ಆಕ್ರಮಿಸಿ ಆ ಸಂದೇಶವನ್ನು ತಡೆಯುತ್ತವೆ. ಬೀಟಾ-1 ಗ್ರಾಹಕಗಳು ಮುಖ್ಯವಾಗಿ ಹೃದಯದಲ್ಲಿಯೂ, ಬೀಟಾ-2 ಗ್ರಾಹಕಗಳು ಶ್ವಾಸನಾಳ, ರಕ್ತನಾಳ ಮತ್ತು ಸ್ನಾಯುಗಳಲ್ಲಿಯೂ ಇವೆ.

ವ್ಯಾಯಾಮದ ಮೇಲೆ ಪರಿಣಾಮ

ಒಂದು ನಿಮಿಷದಲ್ಲಿ ಹೃದಯವು ಹೊರಹಾಕುವ ರಕ್ತದ ಪ್ರಮಾಣವು ಬಡಿತದ ವೇಗ ಮತ್ತು ಪ್ರತಿ ಬಡಿತಕ್ಕೆ ಹೊರಬರುವ ರಕ್ತದ ಗುಣಲಬ್ಧವಾಗಿದೆ. ಔಷಧವು ಬಡಿತದ ಏರಿಕೆಗೆ ಮಿತಿ ಹಾಕಿದಾಗ ಪ್ರತಿ ಬಡಿತದ ರಕ್ತದ ಪ್ರಮಾಣ ಹೆಚ್ಚಿ ಕೊರತೆಯನ್ನು ಭಾಗಶಃ ತುಂಬುತ್ತದೆ. ಆದ್ದರಿಂದ ಸಾಧಾರಣ ನಡಿಗೆಯಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದಿದ್ದರೂ ಓಟ ಅಥವಾ ಏರುದಾರಿಯಲ್ಲಿ ಬೇಗನೆ ಸುಸ್ತಾಗಬಹುದು.

ಇಂಧನದ ಪೂರೈಕೆಯೂ ಬದಲಾಗುತ್ತದೆ. ಕೊಬ್ಬನ್ನು ಕರಗಿಸುವ ಮತ್ತು ಗ್ಲೈಕೋಜನ್ನನ್ನು ಗ್ಲೂಕೋಸ್ ಆಗಿಸುವ ಕ್ರಿಯೆಗಳು ಕುಂಠಿತವಾಗುವುದರಿಂದ ದೀರ್ಘಕಾಲದ ವ್ಯಾಯಾಮದಲ್ಲಿ ಸ್ನಾಯುಗಳು ಬೇಗನೆ ದಣಿಯುತ್ತವೆ. ಎರಡೂ ಬಗೆಯ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್‌ನಂತಹ ಔಷಧಗಳಲ್ಲಿ ಇದು ಹೆಚ್ಚು. ಮುಖ್ಯವಾಗಿ ಬೀಟಾ-1 ಗ್ರಾಹಕಗಳನ್ನು ತಡೆಯುವ ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಮತ್ತು ಅಟೆನೊಲಾಲ್‌ಗಳಲ್ಲಿ ಕಡಿಮೆ.

ದಣಿವು

ದಣಿವು ನಿಜವಾದ ಅಡ್ಡಪರಿಣಾಮವಾದರೂ ಜನರು ಭಾವಿಸುವಷ್ಟು ವ್ಯಾಪಕವಲ್ಲ. 35,000ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 15 ಪ್ರಯೋಗಗಳ ಫಲಿತಾಂಶಗಳನ್ನು ಒಗ್ಗೂಡಿಸಿದ ವಿಶ್ಲೇಷಣೆಯೊಂದು 2002ರಲ್ಲಿ ಪ್ರಕಟವಾಯಿತು. ಅದರಂತೆ, ಹುಸಿ ಮಾತ್ರೆ ಪಡೆದವರಿಗೆ ಹೋಲಿಸಿದರೆ ಬೀಟಾ ಬ್ಲಾಕರ್ ಪಡೆದ ಪ್ರತಿ 1,000 ರೋಗಿಗಳಲ್ಲಿ ವರ್ಷಕ್ಕೆ ಸುಮಾರು 18 ಮಂದಿ ಹೆಚ್ಚಾಗಿ ದಣಿವನ್ನು ವರದಿ ಮಾಡಿದರು. ಖಿನ್ನತೆಯ ಲಕ್ಷಣಗಳಲ್ಲಿ ಗಣನೀಯ ಹೆಚ್ಚಳ ಕಂಡುಬರಲಿಲ್ಲ. ಕೊಬ್ಬಿನಲ್ಲಿ ಕರಗುವ ಪ್ರೊಪ್ರನೊಲಾಲ್ ಮಿದುಳನ್ನು ಸುಲಭವಾಗಿ ಪ್ರವೇಶಿಸುವುದರಿಂದ ನಿದ್ರಾಭಂಗ ಮತ್ತು ದುಃಸ್ವಪ್ನಗಳು ಉಂಟಾಗಬಹುದು. ಇವೂ ಹಗಲಿನ ಆಯಾಸಕ್ಕೆ ಕಾರಣವಾಗಬಲ್ಲವು.

ಹೃದಯ ವೈಫಲ್ಯದಲ್ಲಿ ಚಿತ್ರಣ ಬೇರೆಯಾಗಿದೆ. ಆರಂಭದ ವಾರಗಳಲ್ಲಿ ಆಯಾಸ ಹೆಚ್ಚಬಹುದಾದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಲಾಗುತ್ತದೆ. ಕ್ರಮೇಣ ಹೃದಯದ ಸಂಕೋಚನ ಶಕ್ತಿ ಸುಧಾರಿಸಬಹುದು. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಾವಿನ ಅಪಾಯವನ್ನು ತಲಾ ಶೇಕಡಾ 34ರಷ್ಟು ತಗ್ಗಿಸಿದವು.

ವ್ಯಾಯಾಮದ ತೀವ್ರತೆಯ ಅಳತೆ

220ರಿಂದ ವಯಸ್ಸನ್ನು ಕಳೆದು ಗರಿಷ್ಠ ಹೃದಯ ಬಡಿತವನ್ನು ಅಂದಾಜು ಮಾಡುವ ಸೂತ್ರವು ಈ ಔಷಧ ಸೇವಿಸುವವರಿಗೆ ಅನ್ವಯಿಸುವುದಿಲ್ಲ. 50 ವರ್ಷದವರಿಗೆ ಸೂತ್ರವು 170 ಎಂದು ತೋರಿಸಿದರೂ ಅವರ ಹೃದಯ ಆ ವೇಗವನ್ನು ಮುಟ್ಟದಿರಬಹುದು. ಅದನ್ನು ಗುರಿಯಾಗಿಸಿದರೆ ಅತಿಶ್ರಮವಾಗುವ ಸಂಭವವಿದೆ. ಬದಲಿಗೆ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮಾನುಭವದ ಮಾಪಕವನ್ನು ಬಳಸಲಾಗುತ್ತದೆ. ಇದರಲ್ಲಿ 12ರಿಂದ 14 ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ವ್ಯಾಯಾಮ ಮಾಡುತ್ತ ಮಾತನಾಡಲು ಸಾಧ್ಯವಿದ್ದು ಹಾಡಲು ಕಷ್ಟವಾಗುವುದು ಮಧ್ಯಮ ಶ್ರಮದ ಸರಳ ಗುರುತು. ಬಡಿತ ಹೆಚ್ಚು ಏರದಿದ್ದರೂ ನಿಯಮಿತ ವ್ಯಾಯಾಮದ ಪ್ರಯೋಜನಗಳು ದೊರೆಯುತ್ತವೆ.

ಎಚ್ಚರಿಕೆಗಳು

ದಣಿವಿನ ಕಾರಣಕ್ಕೆ ಔಷಧವನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ದೀರ್ಘಕಾಲದ ತಡೆಯಿಂದ ಗ್ರಾಹಕಗಳ ಸಂವೇದನೆ ಹೆಚ್ಚಿರುವುದರಿಂದ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಸಂಭವಿಸಬಹುದು. ಪ್ರಮಾಣವನ್ನು ತಗ್ಗಿಸುವುದು, ಸೇವನೆಯ ವೇಳೆಯನ್ನು ಬದಲಿಸುವುದು ಅಥವಾ ಬೇರೆ ಔಷಧಕ್ಕೆ ಬದಲಾಯಿಸುವುದು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ತಲೆಸುತ್ತು, ಪ್ರಜ್ಞೆ ತಪ್ಪುವಿಕೆ, ಉಬ್ಬಸ ಅಥವಾ ಹಠಾತ್ ತೂಕ ಹೆಚ್ಚಳ ಕಂಡುಬಂದರೆ ತಕ್ಷಣ ವೈದ್ಯರನ್ನು ಕಾಣಬೇಕು. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಕುಸಿದಾಗ ಕಾಣುವ ನಡುಕ ಮತ್ತು ಎದೆಬಡಿತಗಳನ್ನು ಈ ಔಷಧಗಳು ಮರೆಮಾಚಬಹುದು. ಬೆವರುವಿಕೆ ಮಾತ್ರ ಉಳಿದಿರುತ್ತದೆ.

ಕ್ರೀಡೆಯಲ್ಲಿ

ಓಟ ಮತ್ತು ಈಜಿನಂತಹ ಸ್ಪರ್ಧೆಗಳಲ್ಲಿ ಸಾಮರ್ಥ್ಯವನ್ನು ತಗ್ಗಿಸುವ ಈ ಔಷಧಗಳು, ಕೈನಡುಕವನ್ನು ಕಡಿಮೆ ಮಾಡುವುದರಿಂದ ಗುರಿಯ ಆಟಗಳಲ್ಲಿ ಅನುಕೂಲ ಒದಗಿಸುತ್ತವೆ. ಆದ್ದರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು ಶೂಟಿಂಗ್, ಬಿಲ್ಲುಗಾರಿಕೆ ಮೊದಲಾದ ಕೆಲವು ಕ್ರೀಡೆಗಳಲ್ಲಿ ಇವುಗಳನ್ನು ನಿಷೇಧಿಸಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪ್ರೊಪ್ರನೊಲಾಲ್ ಪತ್ತೆಯಾದ ಕಾರಣ ಉತ್ತರ ಕೊರಿಯಾದ ಶೂಟರ್ ಕಿಮ್ ಜೊಂಗ್-ಸು ಎರಡು ಪದಕಗಳನ್ನು ಕಳೆದುಕೊಂಡರು.