ಕತ್ತರಿ ಕಲಿತ ಬಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕ್ಷೌರ ಮತ್ತು ಸೌಂದರ್ಯ ತರಬೇತಿಯ ಚರಿತ್ರೆ

1884ರಲ್ಲಿ ಮುಂಬಯಿ ಸರಕಾರ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ ಹೊರತಂದಾಗ ಗೋಕಾಕ ಒಂದು ತಾಲ್ಲೂಕಾಗಿತ್ತು. ಹುಕ್ಕೇರಿ ಚಿಕ್ಕೋಡಿಗೆ ಸೇರಿತ್ತು. ಮೂಡಲಗಿ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ಗ್ಯಾಸೆಟಿಯರ್ ಕಾಲದ ಅಧಿಕಾರಿಗಳ ಕಣ್ಣಿಗೆ ಕ್ಷೌರಿಕನೆಂದರೆ ಒಂದು ಜಾತಿಯವನು, ಕಸುಬನ್ನು ಹುಟ್ಟಿನಿಂದಲೇ ಪಡೆದವನು. ಅವನ ಕೈಯಲ್ಲಿದ್ದದ್ದು ವರ್ಷಗಟ್ಟಲೆ ಪಳಗಿ ಬಂದ ವಿದ್ಯೆ ಎಂದು ಯಾವ ದಫ್ತರವೂ ಬರೆದುಕೊಳ್ಳಲಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಕ್ಷೌರ ಮತ್ತು ಸೌಂದರ್ಯ ತರಬೇತಿಯ ಚರಿತ್ರೆ ಬರೆಯಹೊರಟವರು ಈ ಮರೆವಿನಿಂದಲೇ ಆರಂಭಿಸಬೇಕು.

ಏಕೆಂದರೆ ಕಲಿಕೆಗೆ ಅಲ್ಲಿ ಕ್ರಮವಿತ್ತು. ಕ್ಷೌರವೇ ಕಸುಬಾದ ಹಡಪದ ಸಮಾಜದ ಮನೆಗಳಲ್ಲಿ, ಗಡಿಭಾಗದ ನ್ಹಾವಿಗಳ ಮನೆಗಳಲ್ಲಿ ಹುಡುಗ ಮೊದಲು ನೀರು ತಂದುಕೊಡುತ್ತಿದ್ದ, ಸೋಪು ನೊರೆ ಮಾಡುತ್ತಿದ್ದ, ಮಸೆಗಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ. ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಡುವ ಸರದಿ ಬರುವಷ್ಟರಲ್ಲಿ ಅವನ ಕಣ್ಣು ಪಳಗಿರುತ್ತಿತ್ತು. ಕೂಸಿನ ಜಾವಳಕ್ಕೆ ಬೇಕಾದ ಹಗುರ ಕೈ ಬೇರೆ, ಮದುಮಗನ ಕ್ಷೌರದ ಶಾಸ್ತ್ರ ಬೇರೆ, ಸೂತಕದ ಮನೆಯ ಕೆಲಸ ಬೇರೆ. ಕುರು ಕೊಯ್ಯುವುದಕ್ಕೂ ಹಳ್ಳಿಗರು ಇವನನ್ನೇ ಕರೆಯುತ್ತಿದ್ದರು. ಇದು ನಮ್ಮ ಸೀಮೆಯಲ್ಲಷ್ಟೇ ಇದ್ದ ರೂಢಿಯಲ್ಲ. ಲಂಡನ್ನಿನಲ್ಲಿ 1540ರಲ್ಲಿ ಒಂದೇ ಸಂಘವಾಗಿ ಕೂಡಿದ್ದ ಕ್ಷೌರಿಕರು ಮತ್ತು ಶಸ್ತ್ರವೈದ್ಯರು ಬೇರೆಯಾದದ್ದು 1745ರಲ್ಲಿ. ಅಲ್ಲಿ ಎರಡು ವಿದ್ಯೆಗಳಿಗೂ ಸಂಘದ ಮುದ್ರೆ ಸಿಕ್ಕಿತು. ಇಲ್ಲಿನ ಕ್ಷೌರಿಕನಿಗೆ ಸಿಕ್ಕಿದ್ದು ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಆಯದ ಜೋಳ.

ಆಯದ ಪದ್ಧತಿ ಹೊಟ್ಟೆಗೆ ಆಧಾರವಾಗಿತ್ತು, ಕಾಲಿಗೆ ಸಂಕೋಲೆಯೂ ಆಗಿತ್ತು. ಯಾರ ತಲೆ ಮುಟ್ಟಬೇಕು, ಯಾರದ್ದು ಮುಟ್ಟಬಾರದು ಎಂಬುದನ್ನು ಊರ ಗೌಡಕಿ ನಿರ್ಧರಿಸುತ್ತಿತ್ತು. ದಲಿತರಿಗೆ ಕ್ಷೌರ ನಿರಾಕರಿಸುವ ಕ್ರೌರ್ಯಕ್ಕೆ ಕ್ಷೌರಿಕನ ಕೈಯನ್ನೇ ಬಳಸಲಾಯಿತು. ವಿಧವೆಯರ ಕೇಶಮುಂಡನಕ್ಕೂ ಅದೇ ಕೈ ಬೇಕಾಗಿತ್ತು. ಈ ಎರಡನೆಯದನ್ನು ಕ್ಷೌರಿಕರೇ ಎದುರಿಸಿದ ಪ್ರಸಂಗ ಉಜ್ವಲವಾದದ್ದು. 1890ರಲ್ಲಿ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಪಣ ತೊಟ್ಟರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಕಸುಬಿಗೊಂದು ಆತ್ಮಸಾಕ್ಷಿ ಇರಬೇಕೆಂಬ ಪಾಠ ಇಂದಿನ ಪ್ರತಿ ಪಠ್ಯಕ್ರಮದಲ್ಲೂ ಮೊದಲ ಪುಟದಲ್ಲಿರಬೇಕಾದದ್ದು.

ದಲಿತರಿಗೆ ಕ್ಷೌರ ನಿರಾಕರಿಸುವ ಕ್ರೌರ್ಯಕ್ಕೆ ಉತ್ತರ ಬಂದದ್ದು ಸಂವಿಧಾನ ಸಭೆಯಿಂದ. 1948ರ ನವೆಂಬರ್ 29ರಂದು, ಇಂದಿನ 15ನೆಯ ವಿಧಿಯ ಚರ್ಚೆಯಲ್ಲಿ, ಅಂಗಡಿ ಎಂಬುದರಲ್ಲಿ ಹಣ ಪಡೆದು ಸೇವೆ ಒದಗಿಸುವವರೆಲ್ಲರೂ ಸೇರುತ್ತಾರೆಂದು ಅಂಬೇಡ್ಕರ್ ವಿವರಿಸಿದರು. ಸಂವಿಧಾನ ಜಾರಿಯಾದಂದಿನಿಂದ ಕ್ಷೌರದಂಗಡಿ ಕಾನೂನಿನ ದೃಷ್ಟಿಯಲ್ಲಿ ಎಲ್ಲರಿಗೂ ತೆರೆದ ಬಾಗಿಲು. ಹಳ್ಳಿಗಳಲ್ಲಿ ಅದು ನಿಜವಾಗಲು ದಶಕಗಳೇ ಹಿಡಿದವು.

ಆಯ ಹೋಗಿ ರೊಕ್ಕ ಬಂತು, ಅಂಗಳದ ಕ್ಷೌರ ಹೋಗಿ ಕಟಿಂಗ್ ಅಂಗಡಿ ಬಂತು. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ತನ್ನ ಬಳಕೆದಾರರೇ ಸದಸ್ಯರಾಗಿ ಹಳ್ಳಿಗಳಿಗೆ ವಿದ್ಯುತ್ ಹಂಚಿದ ಅಪರೂಪದ ಸಂಸ್ಥೆ. ಕರೆಂಟು ಬರದ ಊರಿನಲ್ಲಿ ಡ್ರೈಯರ್, ಟ್ರಿಮ್ಮರ್‌ಗಳ ಮಾತೇ ಇರುವುದಿಲ್ಲ. ಹೊಸ ಕಲಿಕೆಗೆ ಇಂಥ ನೆಲೆಗಟ್ಟು ಬೇಕಾಗಿತ್ತು.

ಹೆಂಗಸರ ಕಥೆ ಬೇರೆ ದಾರಿಯಲ್ಲಿ ಬಂತು. 1952ರಲ್ಲಿ ಹುಟ್ಟಿದ ಲ್ಯಾಕ್ಮೆ ಕಂಪನಿ ಪ್ರಸಾಧನವನ್ನು ದೇಶದ ಮಧ್ಯಮ ವರ್ಗದ ಮನೆಗಳಿಗೆ ತಂದಿತು. ಆದರೆ ಕಲಿಯುವ ಜಾಗ ಎಲ್ಲಿತ್ತು? 1977ರಲ್ಲಿ ಕೇಂದ್ರ ಸರಕಾರ ಮಹಿಳೆಯರಿಗಾಗಿ ವೃತ್ತಿ ತರಬೇತಿ ಕಾರ್ಯಕ್ರಮ ಆರಂಭಿಸಿ ಬೆಂಗಳೂರಿನಲ್ಲೂ ಪ್ರಾದೇಶಿಕ ಸಂಸ್ಥೆ ತೆರೆಯಿತು. ಕೇಶ ಮತ್ತು ಸೌಂದರ್ಯದ ಕೆಲಸ ಇಂಥ ಸಂಸ್ಥೆಗಳಲ್ಲಿ ಒಂದು ಪಾಠವಾಯಿತು. ಐಟಿಐಗಳ 'ಹೇರ್ ಅಂಡ್ ಸ್ಕಿನ್ ಕೇರ್' ಮುಂದೆ ಕಾಸ್ಮೆಟಾಲಜಿಯಾಗಿ, ಹತ್ತನೆಯ ತರಗತಿ ಮುಗಿಸಿದವರಿಗೆ ಒಂದು ವರ್ಷದ ಟ್ರೇಡ್ ಆಗಿ ನಿಂತಿತು.

ಬೆಂಗಳೂರು ಮೂಡಲಗಿಯ ಹೆಣ್ಣುಮಕ್ಕಳಿಗೆ ಬಲು ದೂರ. ಈ ಸೀಮೆಗೆ ಹೆಚ್ಚು ಒದಗಿದ್ದು ಉಜಿರೆಯಲ್ಲಿ ಮೂಡಿದ ಮಾದರಿ. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಅಲ್ಲಿ ಕಟ್ಟಿದ ಸ್ವ-ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯನ್ನೇ ಮಾದರಿಯಾಗಿ ಇಟ್ಟುಕೊಂಡು, ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಬಂದವು. ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಐಬ್ರೋ, ಫೇಶಿಯಲ್, ಮದುಮಗಳ ಮೇಕಪ್‌ಗಳ ಜೊತೆಗೆ ಲೆಕ್ಕ ಇಡುವುದು, ಬ್ಯಾಂಕಿನಲ್ಲಿ ಸಾಲ ಕೇಳುವುದು ಕೂಡ ಪಾಠವೇ. ಗೋಕಾಕದಿಂದ ಜಿಲ್ಲಾ ಕೇಂದ್ರ ಬೆಳಗಾವಿ 60 ಕಿ.ಮೀ.ಗೂ ಹೆಚ್ಚು. ದಿನಾ ಹೋಗಿ ಬರುವುದು ಆಗದವರಿಗೆ ವಸತಿಯೇ ಬಾಗಿಲು ತೆರೆಯಿತು, ತಿಂಗಳು ಮನೆ ಬಿಟ್ಟಿರಲಾಗದ ತಾಯಂದಿರಿಗೆ ಅದೇ ಬಾಗಿಲು ಮುಚ್ಚಿತು. ತಾಲ್ಲೂಕು ಕೇಂದ್ರದಲ್ಲೇ ಹಗಲು ತರಬೇತಿ ಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಈ ತರಗತಿಗಳು ತಂದ ದೊಡ್ಡ ಲಾಭವೆಂದರೆ ಜಾತಿಯ ಗೋಡೆ ಸಡಿಲಾದದ್ದು. ಪಾರ್ಲರ್ ಕಲಿಯಲು ಬಂದವಳನ್ನು ಯಾವ ಮನೆಯವಳೆಂದು ಕೇಳುವ ಕ್ರಮ ಅಲ್ಲಿಲ್ಲ. ಪ್ರತಿ ಗಿರಾಕಿಗೂ ಹೊಸ ಬ್ಲೇಡು, ಬಣ್ಣ ಹಚ್ಚುವ ಮೊದಲು ಚರ್ಮದ ಪರೀಕ್ಷೆ, ಉಪಕರಣಗಳ ಶುದ್ಧಿ ಇವು ಬಾಯಿಪಾಠವಾಗದೆ ಅಭ್ಯಾಸವಾದವು. ಆದರೆ ತಂದೆಯ ಬಳಿ ಹತ್ತು ವರ್ಷ ಕಲಿತವನ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ. ಆ ಕೊರತೆ 2020ರ ಮೇ ತಿಂಗಳಲ್ಲಿ ಸುಡುವಂತೆ ಮುಟ್ಟಿತು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ ₹5,000 ನೆರವನ್ನು ರಾಜ್ಯ ಸರಕಾರ ಘೋಷಿಸಿದಾಗ, ಇಡೀ ಊರಿಗೆ ಗೊತ್ತಿದ್ದ ಕಸುಬನ್ನು ಅವರು ಸೇವಾ ಸಿಂಧು ಜಾಲತಾಣದ ಅರ್ಜಿಯಲ್ಲಿ ರುಜುವಾತುಪಡಿಸಬೇಕಾಯಿತು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ತನ್ನ 18 ಕಸುಬುಗಳಲ್ಲಿ ಕ್ಷೌರವನ್ನೂ ಸೇರಿಸಿತು. 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ. ಕೈಯಲ್ಲಿ ಇರುವ ವಿದ್ಯೆಗೆ ಪ್ರಮಾಣಪತ್ರ ಕೊಡುವ ಈ ಮನ್ನಣೆ ತಡವಾಗಿ ಬಂದರೂ ನ್ಯಾಯವಾದದ್ದು. ಅದರ ಒಂದು ನಿಯಮ ಮಾತ್ರ ಈ ಸೀಮೆಯ ಈಗಿನ ಬದುಕಿಗೆ ಹೊಂದುವುದಿಲ್ಲ: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿರುವ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಲಾಭ. ಗಂಡ ಸಲೂನ್ ನಡೆಸಿ, ಹೆಂಡತಿ ಪಕ್ಕದ ಕೋಣೆಯಲ್ಲಿ ಪಾರ್ಲರ್ ತೆರೆದ ಮನೆಯಲ್ಲಿ ಇಬ್ಬರೂ ಕಸುಬುದಾರರು, ಅರ್ಜಿ ಮಾತ್ರ ಒಂದೇ.