ಬಿಳಿಗಿರಿರಂಗನ ಬೆಟ್ಟದ ಸೋಲಿಗರು: ದೈವ, ಮದ್ದು ಮತ್ತು ಆಸ್ಪತ್ರೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಚರಿತ್ರೆಯನ್ನು ಸಾಮಾನ್ಯವಾಗಿ ತ್ಯಾಗಜೀವಿ ವೈದ್ಯರೊಬ್ಬರ ಕಥೆಯಾಗಿ ಹೇಳಲಾಗುತ್ತದೆ. 1994ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಹಾಗೂ 2000ದ ಪದ್ಮಶ್ರೀ ಆ ಕಥೆಗೆ ಮನ್ನಣೆ ತಂದುಕೊಟ್ಟವು. ಕಥೆ ಸುಳ್ಳಲ್ಲ, ಆದರೆ ವೈದ್ಯರು ಬರುವ ಮುನ್ನ ಬೆಟ್ಟದಲ್ಲಿ ಚಿಕಿತ್ಸೆಯೆಂಬುದೇ ಇರಲಿಲ್ಲವೆಂಬ ಧ್ವನಿ ಅದರಲ್ಲಿ ಅಡಗಿದೆ. ಜಾನಪದ ಅಧ್ಯಯನವು ಇದನ್ನು ಒಪ್ಪಲಾರದು.

ಸೋಲಿಗರ ಪೋಡಿನಲ್ಲಿ ದೈವಕಾರ್ಯ ಮತ್ತು ಆರೋಗ್ಯರಕ್ಷಣೆಗಳು ಒಂದೇ ವ್ಯವಸ್ಥೆಯ ಎರಡು ಮುಖಗಳು. ಯಜಮಾನನು ನ್ಯಾಯ ನೋಡಿದರೆ ತಮ್ಮಡಿಯು ಪೂಜೆ ನಡೆಸುತ್ತಾನೆ. ಕಾಡನ್ನು ಕುಲಗಳ ‘ಯೆಲ್ಲೆ’ಗಳಾಗಿ ವಿಂಗಡಿಸಿಕೊಂಡಿರುವ ಇವರು ಪ್ರತಿ ಯೆಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ನೆಲೆಗಳನ್ನು ಗುರುತಿಸುತ್ತಾರೆ. ಮದ್ದಿನ ಬೇರು ನಾರು ದೊರೆಯುವುದೂ ಈ ಕಾಡಿನಲ್ಲೇ. ಬೆಟ್ಟದ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದಾಗಿ ಆತ ಇವರಿಗೆ ‘ಭಾವ’. ಬಯಲುಸೀಮೆಯ ಒಕ್ಕಲು ಕೈಮುಗಿದು ನಿಲ್ಲುವ ದೈವದೊಡನೆ ಇವರದು ನಂಟಸ್ತನದ ಸಲಿಗೆ. ಹೊರಗಿನಿಂದ ಬಂದವನನ್ನು ಬಂಧುವಾಗಿಸಿಕೊಳ್ಳುವ ಈ ಕ್ರಮವನ್ನು ವೈದ್ಯಸೇವೆಯ ಚರಿತ್ರೆಕಾರರು ಗಮನಿಸಿದಂತಿಲ್ಲ.

ಈ ವ್ಯವಸ್ಥೆ ಸಡಿಲಗೊಂಡುದು 1974ರಲ್ಲಿ ಬೆಟ್ಟಸಾಲು ವನ್ಯಜೀವಿಧಾಮವಾದ ಮೇಲೆ. ಬೇಟೆ ಹಾಗೂ ಕುಮರಿ ಬೇಸಾಯಕ್ಕೆ ತಡೆ ಬಿತ್ತು. ಅನೇಕ ಪೋಡುಗಳು ಒಳಗಾಡಿನಿಂದ ಅಂಚಿಗೆ ಬಂದವು. ಕೆಲವರಿಗೆ ತಮ್ಮ ಯೆಲ್ಲೆಯ ದೇವರೇ ದೂರವಾದರು. ಸುದರ್ಶನ್ ಅವರು ಕಂಡದ್ದು ಇಂಥ ಸಮುದಾಯವನ್ನು. ವಿವೇಕಾನಂದರ ಸೇವಾಧರ್ಮದಿಂದ ಪ್ರೇರಿತರಾಗಿ, ಬೆಂಗಳೂರು ವೈದ್ಯಕೀಯ ಕಾಲೇಜಿನ ಪದವಿಯ ನಂತರ ರಾಮಕೃಷ್ಣ ಮಿಷನ್ನಿನ ಸಂಸ್ಥೆಗಳಲ್ಲಿ ದುಡಿದು ಬಂದಿದ್ದ ಅವರು ಸ್ಥಳೀಯ ಮದ್ದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಿಲ್ಲ. ನಾಟಿ ಔಷಧಗಳಿಗೆ ಕೇಂದ್ರದಲ್ಲಿ ಸ್ಥಾನ ದೊರೆಯಿತು. ಕುಕ್ಕರಗಾಲಿನಲ್ಲಿ ಕುಳಿತು ಹೆರುವ ಸೋಲಿಗ ಹೆಂಗಸರ ರೂಢಿಯಿಂದ ವೈದ್ಯರೇ ಕಲಿಯಬೇಕಾದುದಿದೆ ಎಂಬುದು ಅವರ ನಿಲುವಾಗಿತ್ತು. ಸೇವೆ ಬೇರುಬಿಟ್ಟದ್ದು ಗುಳಿಗೆ, ಸೂಜಿಮದ್ದುಗಳ ಬಲದಿಂದಷ್ಟೇ ಅಲ್ಲ, ಈ ಮನೋಧರ್ಮದಿಂದ ಎಂದು ನನ್ನ ಗ್ರಹಿಕೆ.

ಹಾಗೆಂದು ನಾಟಿ ವೈದ್ಯವನ್ನು ಸರ್ವಸಮರ್ಥವೆಂದು ಕೊಂಡಾಡುವುದೂ ಸಲ್ಲದು; ನಮ್ಮ ಜಾನಪದ ಬರವಣಿಗೆಗೆ ಆ ಚಾಪಲ್ಯ ಇದ್ದೇ ಇದೆ. ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ವರದಿಯಾಗಿದ್ದ ಸಿಕಲ್ ಸೆಲ್ ರಕ್ತದೋಷವು ಸೋಲಿಗರಲ್ಲೂ ಕಂಡುಬಂದಿತು. ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ ಈ ದೋಷವನ್ನು ಗುರುತಿಸಲು ಹರಕೆಗಾಗಲಿ ಬೇರಿಗಾಗಲಿ ಸಾಧ್ಯವಿಲ್ಲ. ಅದಕ್ಕೆ ರಕ್ತಪರೀಕ್ಷೆಯೇ ಬೇಕು.

ಆಸ್ಪತ್ರೆಯ ಜೊತೆಗೆ ಶಾಲೆ ಬಂದಿತು, ಸೋಲಿಗರ ಸಂಘಟನೆ ಬೆಳೆಯಿತು. ಕಾಡಿನ ಪ್ರವೇಶವಿಲ್ಲದೆ ಗೆಡ್ಡೆಗೆಣಸು, ಜೇನು, ಸೊಪ್ಪುಗಳಿಲ್ಲ. ಅವಿಲ್ಲದೆ ಆರೋಗ್ಯವೂ ಇಲ್ಲವೆಂಬುದರಿಂದ ವೈದ್ಯಸೇವೆಯ ಪ್ರಶ್ನೆಯು ಭೂಮಿಯ ಹಕ್ಕಿನ ಪ್ರಶ್ನೆಯಾಗಿ ಮಾರ್ಪಟ್ಟುದು ಸಹಜವೇ. 2011ರ ಆರಂಭದಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಸೋಲಿಗರೇ ಸಂಶೋಧಕರೊಡನೆ ಕಾಡಿನಲ್ಲಿ ನಡೆದು ತಮ್ಮ ಯೆಲ್ಲೆಗಳ ದೈವನೆಲೆಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಗುರುತಿಸಿದರು. ಆ ನೆಲೆಗಳಲ್ಲಿ ಕೆಲವು ಪೋಡು ತೆರವಾಗಿ ದಶಕಗಳೇ ಕಳೆದಿದ್ದ ಜಾಗಗಳಲ್ಲಿದ್ದವು.