ಪೇಪರ್‌ನೋರನ್ನ ಜೈಲಿಗೆ ಹಾಕಿದ್ರೆ ನಮಗೇನು?



ಶಂಕರಘಟ್ಟದ ವಿವಿಯಲ್ಲಿ ಓದೋ ನಮ್ಮ ಹುಡುಗರ ಜೊತೆ ಎಮರ್ಜೆನ್ಸಿ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತೆ. "ಅಣ್ಣಾ, ಜೀತ ರದ್ದಾಗಿದ್ದು ಆಗಲೇ ಅಲ್ವಾ? ಪೇಪರ್‌ನೋರನ್ನ ಜೈಲಿಗೆ ಹಾಕಿದ್ರೆ ನಮಗೇನು? ಆ ಪೇಪರ್‌ಗಳಲ್ಲಿ ನಮ್ಮ ಕೇರಿ ಸುದ್ದಿ ಯಾವತ್ತು ಬಂದಿತ್ತು?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಜೀತ ರದ್ದು ಮಾಡೋ ಸುಗ್ರೀವಾಜ್ಞೆ ಬಂದಿದ್ದು 1975ರ ಅಕ್ಟೋಬರ್‌ನಲ್ಲಿ, ನಿಜ. ಆದರೆ ಅರಸು ಅವರ ಭೂಸುಧಾರಣೆ ತಿದ್ದುಪಡಿ ಜಾರಿಯಾಗಿದ್ದು 1974ರ ಮಾರ್ಚ್ 1ರಂದು. ಆಗ ಎಮರ್ಜೆನ್ಸಿಯೂ ಇರಲಿಲ್ಲ, ಸೆನ್ಸಾರೂ ಇರಲಿಲ್ಲ. (ಗೇಣಿದಾರರಿಗೆ ಭೂಮಿ ಸಿಕ್ತು, ಕೂಲಿ ಮಾಡೋರಿಗೆ ಸಿಕ್ಕಿದ್ದು ಕಡಿಮೆ. ಅದು ಬೇರೆ ಜಗಳ.) ಬಡವರಿಗೆ ಕಾನೂನು ಮಾಡೋಕೆ ಪತ್ರಿಕೆಗಳ ಬಾಯಿ ಹೊಲಿಯಬೇಕಿರಲಿಲ್ಲ.

1975ರ ಜೂನ್ 25ರ ರಾತ್ರಿ ದಿಲ್ಲಿಯ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದರು. ಜುಲೈನಲ್ಲಿ ಕುಲದೀಪ್ ನಯ್ಯರ್ ಮೀಸಾ ಕಾಯ್ದೆಯಡಿ ಒಳಗೆ ಹೋದರು. ನಮ್ಮಲ್ಲಿ 'ಸಂಕ್ರಮಣ'ದ ಚಂಪಾ 26 ದಿನ ಜೈಲಲ್ಲಿದ್ದರು. ಬಿ. ಕೃಷ್ಣಪ್ಪ ಮೇಷ್ಟ್ರು ಇದೇ ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡ್ತಾ ಸಂಘರ್ಷ ಸಮಿತಿ ಕಟ್ಟಿದ ದಶಕವೂ ಅದೇ. 1976ರ ಏಪ್ರಿಲ್‌ನಲ್ಲಿ ತುರ್ಕ್‌ಮನ್ ಗೇಟ್ ಹತ್ರ ಬಡ ಮುಸ್ಲಿಮರ ಮನೆ ಕೆಡವಿ ಗುಂಡು ಹಾರಿಸಿದಾಗ ಸುದ್ದಿಯನ್ನ ಅದುಮಿಟ್ಟರು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಆಪರೇಷನ್ ಆಯ್ತು. ಬಲವಂತ ನಡೆದಾಗ ಮೊದಲು ಸಿಕ್ಕಿಬಿದ್ದವರು ಯಾರು? ಬಂಗಲೆಯವರಂತೂ ಅಲ್ಲ.

ನಮ್ಮದು ಮಿಲಿಟರಿ ಆಳ್ವಿಕೆ ಆಗಿರಲಿಲ್ಲ. ಮಿಲಿಟರಿಯೇ ಕೂತ ಕಡೆ ಏನಾಯ್ತು ಅಂತ ನೋಡೋಕೆ ಅರ್ಜೆಂಟೀನಾದ ರೊಡೋಲ್ಫೋ ವಾಲ್ಶ್ ಕಥೆ ಓದಬೇಕು. 1976ರ ಮಾರ್ಚ್ 24ಕ್ಕೆ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ವಾಲ್ಶ್ ಭೂಗತನಾಗಿ ಗುಪ್ತ ಸುದ್ದಿಸಂಸ್ಥೆ ನಡೆಸಿದ. ಸೆಪ್ಟೆಂಬರ್‌ನಲ್ಲಿ ಸೈನಿಕರ ಜೊತೆಗಿನ ಕಾಳಗದಲ್ಲಿ ಮಗಳು ವಿಕ್ಕಿ ಸತ್ತಳು. ಆದರೂ ನಿಲ್ಲಿಸಲಿಲ್ಲ.

1977ರ ಮಾರ್ಚ್ 21ಕ್ಕೆ ನಮ್ಮಲ್ಲಿ ಎಮರ್ಜೆನ್ಸಿ ಎತ್ತಿದರು. 24ಕ್ಕೆ ಮೊರಾರ್ಜಿ ಪ್ರಮಾಣವಚನ. ವಾಲ್ಶ್ ಮಿಲಿಟರಿ ಆಡಳಿತಕ್ಕೆ ಬರೆದ ಬಹಿರಂಗ ಪತ್ರದ ಮೇಲಿರೋ ತಾರೀಕೂ ಅದೇ 24. ಕಾಣೆಯಾದವರು 15,000, ಕೈದಿಗಳು 10,000, ಸತ್ತವರು 4,000 ಅಂತ ಲೆಕ್ಕ ಕೊಟ್ಟ. ಅಲ್ಲಿಗೇ ಬಿಡಲಿಲ್ಲ. ಕಾರ್ಮಿಕರ ನಿಜವಾದ ಕೂಲಿ ಒಂದೇ ವರ್ಷದಲ್ಲಿ ಶೇ. 40ಕ್ಕೆ ಇಳಿದಿದೆ, ಕೊಲೆಗಿಂತ ದೊಡ್ಡ ಕ್ರೌರ್ಯ ಇರೋದು ಈ ಆರ್ಥಿಕ ನೀತಿಯಲ್ಲಿ ಅಂತ ವಾದಿಸಿದ. ನನಗೆ ಆ ಪತ್ರ ಮುಖ್ಯ ಅನ್ಸೋದು ಇದಕ್ಕೇ. ಬಾಯಿ ಮುಚ್ಚಿಸಿದ್ದು ಯಾರ ತಟ್ಟೆಗೆ ಕೈ ಹಾಕೋಕೆ ಅನ್ನೋದನ್ನ ಲೆಕ್ಕ ಸಮೇತ ತೋರಿಸಿದ.

ಮರುದಿನ, 25ಕ್ಕೆ, ಪತ್ರದ ಪ್ರತಿಗಳನ್ನ ಅಂಚೆಗೆ ಹಾಕಿ ಬರ್ತಿದ್ದಾಗ ಬ್ಯೂನಸ್ ಐರಿಸ್ ಬೀದಿಯಲ್ಲಿ ನೌಕಾಪಡೆಯ ತಂಡ ಗುಂಡು ಹೊಡೀತು. ಹೆಣ ಇವತ್ತಿಗೂ ಸಿಕ್ಕಿಲ್ಲ. ಅಲ್ಲಿನ ಪತ್ರಿಕೆಗಳು ಪತ್ರವನ್ನ ಅಚ್ಚು ಮಾಡಲಿಲ್ಲ. 2011ರಲ್ಲಿ, 34 ವರ್ಷದ ಮೇಲೆ, ಆಲ್ಫ್ರೆಡೋ ಆಸ್ಟಿಸ್ ಮತ್ತಿತರ ನೌಕಾಪಡೆಯವರಿಗೆ ಜೀವಾವಧಿ ಆಯ್ತು.

ಪತ್ರ ಇಂಗ್ಲಿಷ್‌ನಲ್ಲಿ ಸಿಗುತ್ತೆ, ಉದ್ದವೇನಿಲ್ಲ. ಕನ್ನಡಕ್ಕೆ ತರೋರು ಯಾರಾದ್ರೂ ಇದ್ರೆ ಹೇಳಿ, ಒಟ್ಟಿಗೆ ಕೂತು ಮಾಡೋಣ.